ಹರತಾಳದ ವಾರದ ಬಾಟಲಿ

ಇಪ್ಪತ್ತಾರು ವರ್ಷದಿಂದ ಹೊಕ್ಕುಳಬಳ್ಳಿ ತೊಳೆದು ತೊಳೆದು ಸಾಕಾಗಿದೆ. ತಿರುವನಂತಪುರದ ಹೆರಿಗೆ ವಾರ್ಡಿನಲ್ಲಿ ಬಾಣಂತಿಯರನ್ನು ಕೇಳಿ ಬಳ್ಳಿಯನ್ನು ಲ್ಯಾಬಿಗೆ ತರಬೇಕು, ಅದರ ರಕ್ತನಾಳದ ಒಳಪದರದಿಂದ ಜೀವಕೋಶ ಬಿಡಿಸಿ ಬೆಳೆಸಬೇಕು. ಆ ಪದರ ಕೆಟ್ಟರೆ ಹೃದಯ ಕೆಟ್ಟಿತೆಂದೇ ಲೆಕ್ಕ. ಅದನ್ನು ಕಾಪಾಡುವ ಔಷಧಿ ಒಂದು ಕಷಾಯದ ಗಿಡದಲ್ಲಿದೆಯೆಂದು ನಮ್ಮ ಲ್ಯಾಬಿನ ಮುಖ್ಯಸ್ಥೆ ಏಲಿಯಮ್ಮ ಟೀಚರ್ ಒಂಬತ್ತು ವರ್ಷ ಅದರ ಬೆನ್ನು ಬಿದ್ದಿದ್ದರು. ಕೊನೆಗೂ ಆರು ಮಂದಿ ರೋಗಿಗಳಿಗೆ ಕೊಟ್ಟು ನೋಡಲು ಒಪ್ಪಿಗೆ ಸಿಕ್ಕಿತು. ಪಟ್ಟಿಯಲ್ಲಿ ಮೂರನೆಯವರು ನನ್ನ ಗಂಡ ಸುಗತನ್.

ಶುರುವಾಗಲು ಹನ್ನೆರಡು ದಿನವಿದ್ದಾಗ, ಆಸ್ಪತ್ರೆಯವರು ಕೇಳಿದರೆಂದು ಲ್ಯಾಬಿನ ಹಳೆಯ ದಾಖಲೆ ಪುಸ್ತಕ ತಿರುವಿದೆ. ಹರತಾಳದ ವಾರದ ಪುಟ ಬಂದಾಗ ಎಲ್ಲ ನೆನಪಾಯಿತು.

ಈ ಕೋಶಗಳನ್ನು ಬಾಟಲಿಯಿಂದ ಬಾಟಲಿಗೆ ಆರು ಸಲ ಹಂಚಬಹುದು. ಆಮೇಲೆ ಅವು ಮುದಿಯಾಗುತ್ತವೆ, ಎಸೆಯಬೇಕು. ಹೋದ ವರ್ಷ ಎರಡು ವಾರದಲ್ಲಿ ಐದು ಹರತಾಳ. ಬಸ್ಸಿಲ್ಲ, ಆಟೋ ಇಲ್ಲ, ಬಳ್ಳಿ ತರುವುದೆಲ್ಲಿಂದ? ಹಳೆಯದನ್ನೇ ಒಂಬತ್ತನೇ ಸಲಕ್ಕೆ ಎಳೆದು, ಬಾಟಲಿಯ ಮೇಲೆ ಐದು ಎಂದು ಬರೆದಿದ್ದೆ. ಹೊಸದು ಬಂದ ಕೂಡಲೇ ಚೆಲ್ಲಿದರಾಯಿತು ಎಂದುಕೊಂಡವಳು ಮರೆತೇಬಿಟ್ಟೆ. ಔಷಧಿ ಹಾಕದ ಸಾಲಿಗೆ ಹೋದದ್ದು ಆ ಮುದಿ ಕೋಶಗಳು, ಔಷಧಿಯ ಸಾಲಿಗೆ ಆಮೇಲೆ ಬಂದ ಬಳ್ಳಿಯ ಎಳೆಯವು. ಪರೀಕ್ಷೆಗೆಂದು ಎರಡಕ್ಕೂ ವಿಷ ಹಾಕಿದಾಗ ಮುದಿಯವು ಸತ್ತವು, ಎಳೆಯವು ಉಳಿದವು. ಅವತ್ತು ಔಷಧಿ ಗೆದ್ದಿತೆಂದು ಟೀಚರ್ ಎಲ್ಲರಿಗೂ ಪಾಯಸ ಹಂಚಿದ್ದರು.

"ಟೀಚರ್, ಆ ಬಾಟಲಿ ಐದಲ್ಲ, ಒಂಬತ್ತು. ನಂದೇ ತಪ್ಪು."

ಟೀಚರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮುಂದಿನ ತಿಂಗಳು ನನ್ನ ರಿಟೈರ್ಮೆಂಟು. ಈಗ ಬಂದು ಹುಳಿ ಹಿಂಡ್ತಿದ್ದೀಯಲ್ಲ ವಿಲಾಸಿನಿ!" ಕನ್ನಡಕ ಮತ್ತೆ ಹಾಕಿಕೊಂಡು, "ಹೋಗು, ಹೊಸ ಬಳ್ಳಿ ತಗೊಂಬಾ. ನೋಡೇಬಿಡೋಣ" ಎಂದರು.

ಈ ಸಲ ಎರಡೂ ಸಾಲಿಗೆ ಒಂದೇ ಬಳ್ಳಿಯ ಕೋಶ. ಶುಕ್ರವಾರ ಮಧ್ಯಾಹ್ನ ನಾನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಎಣಿಸುತ್ತಿದ್ದೆ, ಟೀಚರ್ ಬರೆದುಕೊಳ್ಳುತ್ತಿದ್ದರು. ಔಷಧಿ ಇಲ್ಲದ ಕಡೆ ನೂರಕ್ಕೆ ನಲವತ್ತೊಂದು ಸತ್ತಿದ್ದವು. ಔಷಧಿ ಇದ್ದ ಕಡೆ ನಲವತ್ತು. ಇಪ್ಪತ್ತು ಎಂದಿದ್ದರೂ ಯಾರೂ ಕೇಳುತ್ತಿರಲಿಲ್ಲ. ನಾಲಿಗೆಯ ತುದಿಗೇ ಬಂದಿತ್ತು. ಮೆಟ್ಟಿಲು ಹತ್ತಲಾರದೆ ನಡುವೆ ಕೂತುಬಿಡುವ ಸುಗತನ್ ಕಣ್ಣ ಮುಂದೆ ಬಂದರು.

"ನಲವತ್ತು" ಎಂದೆ.

"ಇನ್ನೊಂದ್ಸಲ ಎಣಿಸು."

ಎಣಿಸಿದೆ. ಅಷ್ಟೇ ಬಂತು. ಟೀಚರ್ ಹೃದಯದ ಡಾಕ್ಟರಿಗೆ ಫೋನ್ ಮಾಡಿ, ಸೋಮವಾರ ರೋಗಿಗಳಿಗೆ ಕೊಡಬೇಕಿದ್ದದ್ದನ್ನು ನಿಲ್ಲಿಸಿ ಎಂದಷ್ಟೇ ಹೇಳಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದರೆ ಸುಗತನ್ ಆಸ್ಪತ್ರೆಗೆ ಉಟ್ಟು ಹೋಗಲೆಂದು ಬಿಳಿ ಮುಂಡು ಇಸ್ತ್ರಿ ಮಾಡುತ್ತಿದ್ದರು.

"ಚೇಟ್ಟಾ, ಸೋಮವಾರ ಹೋಗೋದು ಬೇಡ."

"ಯಾಕೇ, ಮತ್ತೆ ಹರತಾಳನಾ?" ಎಂದು ನಕ್ಕರು.

ಎಲ್ಲ ಹೇಳಿದೆ. ನನ್ನ ತಪ್ಪನ್ನೂ, ನಲವತ್ತನ್ನೂ. ಇಸ್ತ್ರಿಪೆಟ್ಟಿಗೆ ಆರಿಸಿ ಅವರು ಕುರ್ಚಿಯಲ್ಲಿ ಕೂತರು.

"ಎಣಿಸಿದವಳು ನೀನೇ ತಾನೇ?"

"ಹೂಂ."

"ಸುಮ್ಮನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಾನು ನಂಬ್ಕೊಂಡಾದ್ರೂ ನುಂಗ್ತಿದ್ದೆ."