ಹದಿಮೂರನೇ ಚಾನೆಲ್ಲು

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತುರ್ಸಿನಿಯ ಹಳೇ ಲ್ಯಾಪ್‌ಟಾಪಿನ ವೈಫೈ ದೀಪ ಕೊನೆಗೂ ಹೊತ್ತಿಕೊಂಡಿತು. ಎರಡು ದಿನ ಅವಳನ್ನು ಅರೆದು ಹಾಕಿದ ದೀಪ ಅದು. ವೈಫೈ ಚಿಪ್ಪಿಗೆ ಜೀವ ಕೊಡುವ ಕಡತವೊಂದು, ಅವಳು ವಿಂಡೋಸಿನ ಬದಲು ತುಂಬಿದ್ದ ಪುಕ್ಕಟೆ ತಂತ್ರಾಂಶ ಲಿನಕ್ಸಿನ ಜೊತೆ ಬಂದಿರಲಿಲ್ಲ. ಅದನ್ನು ಪೆನ್‌ಡ್ರೈವಿನಲ್ಲಿ ತರಲು ಅವಳು ಯೋಗ್ಯಕರ್ತಾ ನಗರಕ್ಕೆ ಎರಡು ಸಲ ಬೈಕಿನಲ್ಲಿ ಹೋಗಿ ಬಂದಿದ್ದಳು. ಮೊದಲ ಸಲ ತಂದದ್ದು ಬೇರೆ ಯಾವುದೋ ಚಿಪ್ಪಿನದು. ಹಾಳಾದ್ದು, ಎರಡರ ಹೆಸರಿಗೂ ಒಂದೇ ಅಂಕಿಯ ವ್ಯತ್ಯಾಸ.

"ದೀಪ ಬಂತು," ಎಂದಳು ತುರ್ಸಿನಿ.

ಚಾಪೆಗಳ ಮೇಲೆ ಕೂತ ನೆಂಟರಿಷ್ಟರೆಲ್ಲ ಕತ್ತು ಉದ್ದ ಮಾಡಿದರು. ಅಂದು ಮಗು ಹುಟ್ಟಿದ ಐದನೇ ದಿನ, ಹೆಸರಿಡುವ ದಿನ. ತರಕಾರಿ, ತೆಂಗಿನತುರಿ ಕಲಸಿದ ಅನ್ನ ಬಾಳೆಲೆಯ ಮೇಲೆ ಆರುತ್ತಿತ್ತು. ಹೆಸರಾಗದೆ ಯಾರೂ ಕೈ ಹಾಕುವಂತಿರಲಿಲ್ಲ. ಹೆಸರಿಡಬೇಕಾದವಳು ಮಗುವಿನ ಅಜ್ಜಿ ಮಾರ್ಸಿಯೆಮ್, ತುರ್ಸಿನಿಯ ಅಕ್ಕ. ಅವಳು ಹಾಂಗ್‌ಕಾಂಗಿನಲ್ಲಿ ಬೇರೆಯವರ ಮಕ್ಕಳನ್ನು ಆಡಿಸಿಕೊಂಡು ಆರು ವರ್ಷವಾಗಿತ್ತು. ಫೋನಿನಲ್ಲಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು: "ಆರು ವರ್ಷದಿಂದ ಬರೀ ದನಿ ಕೇಳಿ ಸಾಕಾಗಿದೆ. ಮೊಮ್ಮಗನ ಮುಖ ನೋಡ್ದೆ ನಾನು ಹೆಸರು ಹೇಳಲ್ಲ." ಊರಿನ ಮೊಬೈಲುಗಳಲ್ಲಿ ದನಿ ಬಿಟ್ಟರೆ ಮುಖ ಬರುತ್ತಿರಲಿಲ್ಲ; ಅದಕ್ಕೇ ಈ ಲ್ಯಾಪ್‌ಟಾಪು.

ಭಾನುವಾರ ಅವಳಿಗೆ ರಜೆ. ಅಲ್ಲಿನ ಮಹಿಳಾ ಸಂಘದ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಮಧ್ಯಾಹ್ನದಿಂದ ಕೂತಿದ್ದಳು. ಆ ಕಚೇರಿ ಆರಕ್ಕೆ ಮುಚ್ಚುತ್ತದೆ. ಅಲ್ಲಿ ಆರು ಅಂದರೆ ಇಲ್ಲಿ ಜಾವಾದಲ್ಲಿ ಐದು. ಐದು ದಾಟಿದರೆ ಎಲ್ಲರೂ ಗೌರವದಿಂದ ‘ಪಾಕ್’, ಅಂದರೆ ಅಪ್ಪ, ಎಂದು ಕರೆಯುವ ಊರ ಹಿರಿಯ ಪಾಕ್ ಸಸ್ತ್ರೊ ತನ್ನ ಪಟ್ಟಿಯಿಂದಲೇ ಒಂದು ಹೆಸರು ಆರಿಸಿ ಇಟ್ಟುಬಿಡುವುದೆಂದು ಮಾತಾಗಿತ್ತು. ಆ ಪಟ್ಟಿಯ ಮುತ್ತಜ್ಜನ ಕಾಲದ ಹೆಸರುಗಳನ್ನು ನೆನೆದೇ ಮಾರ್ಸಿಯೆಮ್ಮಳ ಮಗಳು, ಬಾಣಂತಿ ನಿಂಗ್ರುಮ್ ಬೆಳಿಗ್ಗೆಯಿಂದ ಎರಡು ಸಲ ಅತ್ತಿದ್ದಳು.

ಪರದೆಯ ಮೇಲೆ ಹತ್ತಿರದ ನೆಟ್‌ವರ್ಕುಗಳ ಪಟ್ಟಿ ಮೂಡಿತು. ಶಾಲೆಯದು, ಪಾಸ್‌ವರ್ಡ್ ಬೇಕು. ತೋಫು ಕಾರ್ಖಾನೆಯದು, ಅದಕ್ಕೂ ಬೇಕು. ಪಕ್ಕದ ಸಮುದಾಯ ಭವನದ್ದು, ಎಲ್ಲರಿಗೂ ಮುಕ್ತವಾಗಿ ಬಿಟ್ಟದ್ದು, ಒಂದೇ ಗೋಡೆಯಾಚೆ ಇರುವಂಥದ್ದು, ಅದೊಂದು ಮಾತ್ರ ಇಲ್ಲ. ತುರ್ಸಿನಿ ಮತ್ತೆ ಹುಡುಕಿಸಿದಳು. ಇಲ್ಲವೇ ಇಲ್ಲ.

"ಪುಕ್ಸಟ್ಟೆ ಸಿಕ್ಕಿದ್ದನ್ನ ತುಂಬಿದ್ರೆ ಇಷ್ಟೇ ಕಣೆ," ಎಂದು ಪಕ್ಕದ ಮನೆಯ ಗಿಯಾರ್ತಿ ಮೂಗು ಮುರಿದಳು. "ನನ್ ಮಗನ ಲ್ಯಾಪ್‌ಟಾಪಲ್ಲಿ ಪಟ್ ಅಂತ ಬರತ್ತೆ."

"ಹಾಗಾದ್ರೆ ಅದನ್ನೇ ತಂದ್ಕೊಡಿ ಅಕ್ಕ."

"ಅವನು ಸೆಮಾರಾಂಗ್‌ಗೆ ತಗೊಂಡ್ಹೋಗಿದಾನೆ."

"ಮತ್ಯಾಕೆ ಬಾಯಿ?"

ತುರ್ಸಿನಿ ಲ್ಯಾಪ್‌ಟಾಪನ್ನು ಎತ್ತಿಕೊಂಡು ಭವನದ ಕಿಟಕಿಗೇ ಓಡಿದಳು. ಒಳಗೆ ಗೋಡೆಯ ಮೇಲೆ ವೈಫೈ ಡಬ್ಬಿ ಹಸಿರು ಕಣ್ಣು ಮಿಟುಕಿಸುತ್ತ ಕೂತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಆದರೂ ಪಟ್ಟಿಯಲ್ಲಿಲ್ಲ. ಅವಳಿಗೆ ಅಳಬೇಕೋ ಒದೆಯಬೇಕೋ ತಿಳಿಯಲಿಲ್ಲ. ರಿಪೇರಿ ಅಂಗಡಿಯಲ್ಲಿ ಒಂಬತ್ತು ವರ್ಷ ದುಡಿದವಳು, ಲಿನಕ್ಸ್ ಬಳಗದಲ್ಲಿ ಹತ್ತು ಜನಕ್ಕೆ ಪಾಠ ಹೇಳುವವಳು, ಸ್ವಂತ ಅಕ್ಕನ ಮುಂದೆ ಮುಖಭಂಗವಾಗುವುದೇ ಇವತ್ತು?

ವಾಪಸು ಬಂದಾಗ ನಾಲ್ಕು ಮೂವತ್ತೈದು.

"ಪಾಕ್, ಆ ಡಬ್ಬಿ ಒಂದ್ಸಲ ಆರಿಸಿ ಹಾಕೋಣ್ವಾ?" ಎಂದು ಪಾಕ್ ಸಸ್ತ್ರೊನನ್ನು ಕೇಳಿದಳು. ಡಬ್ಬಿಯ ಉಸ್ತುವಾರಿ ಅವನದೇ.

ಮುದುಕನಿಗೆ ಸಿಟ್ಟು ಬಂತು. "ಅದನ್ನ ಮುಟ್ಟೋ ಹಾಗಿಲ್ಲ. ದಿನ ನೋಡಿ, ಸಂಖ್ಯೆ ಕೂಡಿಸಿ ಕೂರಿಸಿರೋದು. ಒಂದಿನಾನೂ ಕೈಕೊಟ್ಟಿಲ್ಲ."

"ಏನ್ ಸಂಖ್ಯೆ?"

"ಕೂರಿಸಕ್ಕೆ ಬಂದಿದ್ ಕಾಲೇಜು ಹುಡುಗ್ರು ಕೇಳಿದ್ರು, ರೇಡಿಯೊ ಸ್ಟೇಷನ್ ಥರ ಇದಕ್ಕೂ ಒಂದರಿಂದ ಹದಿಮೂರರ ತನಕ ಚಾನೆಲ್ ಇದೆ, ಯಾವ್ದು ಬೇಕು ಅಂತ. ಅವತ್ತು ಭಾನುವಾರ, ಕ್ಲಿವೊನ್ ದಿನ. ಭಾನುವಾರಕ್ಕೆ ಐದು, ಕ್ಲಿವೊನ್‌ಗೆ ಎಂಟು. ಎಷ್ಟಾಯ್ತು?"

"ಹದಿಮೂರು," ಎಂದರು ಚಾಪೆಯವರೆಲ್ಲ ಒಟ್ಟಿಗೆ. ವಾರದ ಏಳು ದಿನಕ್ಕೂ, ಕ್ಲಿವೊನ್ ಸೇರಿದ ಐದು ದಿನದ ಜಾವಾ ವಾರಕ್ಕೂ ಒಂದೊಂದು ಸಂಖ್ಯೆ; ಅವನ್ನು ಕೂಡಿಸುವ ಆ ಲೆಕ್ಕ ಬಾರದವರು ಜಾವಾದಲ್ಲಿ ಯಾರಿದ್ದಾರೆ?

ತುರ್ಸಿನಿ ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ನಗು ಬಂತು, ತಡೆಯಲಾಗದಷ್ಟು ಬಂತು. ವೈಫೈ ಸರಿಮಾಡಲು ಅವಳು ಅಮೆರಿಕದವನೊಬ್ಬ ಇಂಟರ್ನೆಟ್ಟಿನಲ್ಲಿ ಬರೆದಿಟ್ಟ ಆದೇಶದ ಸಾಲುಗಳನ್ನು ಕಣ್ಣು ಮುಚ್ಚಿ ನಕಲು ಮಾಡಿದ್ದಳು. ಅವುಗಳ ಜೊತೆ ಅವನ ದೇಶವನ್ನೂ ನಕಲು ಮಾಡಿಬಿಟ್ಟಿದ್ದಳು.

"ಈ ಪೆದ್ದು ಮಷೀನು ತಾನು ಅಮೆರಿಕದಲ್ಲಿದೀನಿ ಅಂದ್ಕೊಂಡಿದೆ ಪಾಕ್. ಅಲ್ಲಿ ವೈಫೈ ಚಾನೆಲ್ಲು ಹನ್ನೊಂದಕ್ಕೇ ಮುಗಿದೋಗತ್ತೆ. ಹನ್ನೆರಡು, ಹದಿಮೂರನ್ನ ಇದು ತಿರುಗಿ ಕೂಡ ನೋಡಲ್ಲ."

ಪಾಕ್ ಸಸ್ತ್ರೊ ಆ ದೇಶದ ಬಗ್ಗೆ ನಿಜವಾಗಿಯೂ ಮರುಗಿದ. "ಹನ್ನೊಂದಕ್ಕೇ ನಿಲ್ಸಿದ್ರೆ ಪಾಪ, ಭಾನುವಾರ ಕ್ಲಿವೊನ್ ಬಂದಾಗ ಏನ್ ಮಾಡ್ತಾರೆ?"

ತುರ್ಸಿನಿ ಆಗಲೇ ಬೆರಳಾಡಿಸುತ್ತಿದ್ದಳು. ದೇಶದ ಗುರುತಿದ್ದಲ್ಲಿ ಅಮೆರಿಕದ ಎರಡಕ್ಷರ ಅಳಿಸಿದಳು, ಇಂಡೋನೇಷ್ಯಾದ ಎರಡಕ್ಷರ ಒತ್ತಿದಳು. ಮತ್ತೆ ಹುಡುಕಿಸಿದಳು. ಶಾಲೆ. ತೋಫು ಕಾರ್ಖಾನೆ. ಒಂದು ಕ್ಷಣ ಬೇರೇನೂ ಇಲ್ಲ. ಆಮೇಲೆ ಅವೆರಡರ ಮೇಲೆ, ಪೂರ್ತಿ ಬಲದೊಂದಿಗೆ, ಭವನದ ಹೆಸರು ಬಂದು ಕೂತಿತು.

ಮನೆಯೊಳಗೆ ಎದ್ದ ಗದ್ದಲಕ್ಕೆ ಮಗು ಬೆಚ್ಚಿ ಅಳತೊಡಗಿತು. ಗಿಯಾರ್ತಿ ತುರ್ಸಿನಿಯ ಬೆನ್ನಿಗೆ ಗುದ್ದಿ, "ನಂಗೊತ್ತಿತ್ತು ಬಿಡು, ನೀನು ಬಿಡೋಳಲ್ಲ," ಎಂದಳು. ತುರ್ಸಿನಿ ಕರೆ ಹಚ್ಚಿದಳು. ನಾಲ್ಕು ಐವತ್ತನಾಲ್ಕು.

ಪರದೆಯಲ್ಲಿ ಮಸುಕು ಮಸುಕಾಗಿ ಮಾರ್ಸಿಯೆಮ್ ಮೂಡಿದಳು. ಕೂದಲು ಕತ್ತರಿಸಿಕೊಂಡಿದ್ದಳು, ಅರ್ಧ ನೆರೆತಿತ್ತು. ಅವಳ ಹಿಂದೆ ಯಾರೋ ಕುರ್ಚಿಗಳನ್ನು ಮಡಚಿ ಒಟ್ಟುತ್ತಿದ್ದರು. ನಿಂಗ್ರುಮ್ ಮಗುವನ್ನು ಎರಡೂ ಕೈಯಲ್ಲಿ ಪರದೆಯ ಮುಂದೆ ಹಿಡಿದಳು.

"ಕಾತೊನ್?" ಎಂದು ತುರ್ಸಿನಿ ಜಾವಾ ಮಾತಿನಲ್ಲಿ ಕೇಳಿದಳು. ಕಾಣ್ತಿದೆಯಾ, ಅಕ್ಕ?

ಮಾರ್ಸಿಯೆಮ್ ಬಾಯಿಗೆ ಕೈ ಅಡ್ಡ ಹಿಡಿದಳು. ಪರದೆಗೆ ಮುಖ ತೀರ ಹತ್ತಿರ ತಂದಳು. ಕೊನೆಗೆ, "ಕಾತೊನ್," ಎಂದಳು. ಕಾಣ್ತಿದೆ. "ಕಾತೊನ್... ಕಾತೊನ್."

ಕಾತೊನ್ ಎಂಬುದು ಜಾವಾದಲ್ಲಿ ಗಂಡುಮಕ್ಕಳಿಗಿಡುವ ಹೆಸರೂ ಹೌದು. ಪಾಕ್ ಸಸ್ತ್ರೊ ಅವಳ ಬಾಯಿಂದ ಬೀಳುವ ಮೊದಲ ಮಾತಿಗೇ ಕಾದು ಕೂತಿದ್ದವನು. ಬಾಗಿಲ ಬಳಿಯಿಂದ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಎಲ್ರೂ ಕೇಳಿದ್ರಲ್ಲ, ಮೂರು ಸಲ ಹೇಳಿದ್ಲು. ಮಗೂನ ಹೆಸರು ಕಾತೊನ್."

"ಆಮೀನ್," ಎಂದಿತು ಮನೆ ತುಂಬಿದ ಜನ. ತುರ್ಸಿನಿ ಬಾಯಿ ತೆರೆಯುವಷ್ಟರಲ್ಲಿ ಕೈಗಳು ಅನ್ನಕ್ಕೆ ಇಳಿದಾಗಿತ್ತು.

"ಅಕ್ಕ, ಇವರು ಅದನ್ನೇ ಹೆಸರು ಅಂದ್ಕೊಂಡ್ರು. ನೀನು ಯಾವ್ದು ಆರಿಸಿಟ್ಟಿದ್ದೆ? ಬೇಗ ಹೇಳು, ನಾನು ಸರಿ ಮಾಡಿಸ್ತೀನಿ."

ಮಾರ್ಸಿಯೆಮ್ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು, ಮಡಚಿದಳು, ಚೀಲಕ್ಕೆ ಹಾಕಿಕೊಂಡಳು. ಹಿಂದಿನಿಂದ ಯಾರೋ ದೀಪ ಆರಿಸುತ್ತೇವೆ ಎಂದು ಕೂಗಿದರು.

"ಇನ್ನು ಅದ್ಯಾಕೆ," ಎಂದಳು. "ಎರಡು ನಿಮಿಷ ಇದೆ. ನನ್ ಕಾತೊನ್‌ನ ಇನ್ನೊಂಚೂರು ಹತ್ರ ಹಿಡ್ಕೊಳ್ಳೇ."