ಐನೂರರಲ್ಲಿ ಮುನ್ನೂರ ಹದಿನೆಂಟನೆಯದು

ನಾನು ಒಂದು ಪೆಟ್ಟಿಗೆ. ಬಟ್ಟೆಬರೆಯದಲ್ಲ, ಒಡವೆಯದೂ ಅಲ್ಲ. ನನ್ನ ಹೊಟ್ಟೆಯಲ್ಲಿ ಎಂಟು ಗ್ರಾಮಫೋನ್ ತಟ್ಟೆಗಳಿವೆ. ಎಂಟರಲ್ಲೂ ಬರೀ ಪಿಯಾನೋ. ಜಾಜ್ ಎಂಬ ಸಂಗೀತವನ್ನು ನುಡಿಸಿ ಎಂದೋ ತೀರಿಹೋದ ಹಳಬರ ಪಿಯಾನೋ.

ಹುಟ್ಟಿದ್ದು ೧೯೮೩ರಲ್ಲಿ, ದೂರದ ಒಂದು ಚಳಿ ದೇಶದ ಕಾರ್ಖಾನೆಯಲ್ಲಿ. ಬಿಸಿಬಿಸಿ ಕರಿ ಉಂಡೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಹೋಳಿಗೆಯ ಹಾಗೆ ಒತ್ತಿದರು. ಅಂಚು ಕತ್ತರಿಸಿದರು, ಕವಚ ತೊಡಿಸಿದರು, ಎಂಟನ್ನೂ ಸೇರಿಸಿ ಕಪ್ಪು ಬಟ್ಟೆ ಹೊದಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ಕೊನೆಗೆ ಕನ್ನಡಕದ ಹೆಂಗಸೊಬ್ಬಳು ಪೆನ್ನು ಹಿಡಿದು ನನ್ನ ಹಣೆಬರಹ ಬರೆದಳು: ೫೦೦ರಲ್ಲಿ ೩೧೮. ಐನೂರು ಮುಗಿದ ಮೇಲೆ ಅಚ್ಚುಗಳನ್ನು ಒಡೆದು ಹಾಕಿದರಂತೆ. ಆಮೇಲೆ ನನಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿ ಗಾಳಿ ಊದಿ ಮೈಗೆ ಅಂಟಿಸಿದರು. ಅದಕ್ಕೆ ಸೀಲು ಎನ್ನುತ್ತಾರೆ. ಅಂಗಡಿಯಿಂದ ಮನೆಗೆ ಹೋದ ಕೂಡಲೇ ಯಾರಾದರೂ ಅದನ್ನು ಹರಿಯುತ್ತಾರೆಂದು ನಾನು ನಂಬಿದ್ದೆ. ಆಗ ನನಗೆ ಸಂಗ್ರಹಕಾರರೆಂಬ ಜಾತಿಯ ಪರಿಚಯ ಇರಲಿಲ್ಲ.

ನನ್ನ ಮೊದಲ ಒಡೆಯ ಪುಣೆಯ ಹಲ್ಲಿನ ಡಾಕ್ಟರು, ದಾರಾಬ್ ಎಂದು ಹೆಸರು. ಊರವರ ಬಾಯಿಯನ್ನೆಲ್ಲ ಬಿಡಿಸುತ್ತಿದ್ದ ಆ ಮನುಷ್ಯ ನನ್ನ ಬಾಯಿ ಮಾತ್ರ ಬಿಡಿಸಲಿಲ್ಲ. ಸೀಲು ಇದ್ದರೇ ಬೆಲೆಯಂತೆ, ಸೀಲು ಹೋದರೆ ಮಾನ ಹೋದಂತೆ. ಬಂದವರಿಗೆ ಗಾಜಿನ ಬೀರುವಿನಿಂದ ತೆಗೆದು ತೋರಿಸುತ್ತಿದ್ದ; ಅವರು ಮುಟ್ಟಲು ಕೈ ಚಾಚಿದರೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಆರು ವರ್ಷ ಹೀಗೆ ಮದುಮಗಳ ಹಾಗೆ ಕೂತೆ. ಮದುವೆ ಮಾತ್ರ ಆಗಲಿಲ್ಲ. ಅವನು ದವಾಖಾನೆ ಮುಚ್ಚಿ ಅಕ್ಕನ ಊರಿಗೆ ಹೊರಟಾಗ ನನ್ನನ್ನು ಕೊಂಡವರು ಧಾರವಾಡದ ಗೋವಿಂದ ಜಾಲಿಹಾಳ.

ಜಾಲಿಹಾಳ ಸರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮಾಳಮಡ್ಡಿಯಲ್ಲಿ ಮನೆ. ಆ ಊರಲ್ಲಿ ಕಲ್ಲೆಸೆದರೆ ಒಬ್ಬ ಗವಾಯಿಗೆ ತಾಗುತ್ತದೆ ಎಂದು ಅವರೇ ನಗುತ್ತಿದ್ದರು. ಎಡಮನೆಯಲ್ಲಿ ತಂಬೂರಿ, ಬಲಮನೆಯಲ್ಲಿ ತಬಲಾ. ನಡುವೆ ಇವರೊಬ್ಬರ ಮನೆಯಿಂದ ಜಾಜ್. ಓಣಿಯವರು ಗೇಟಿನ ಹತ್ತಿರ ನಿಂತು, "ಸರ್, ಇದು ಯಾವ ರಾಗರೀ?" ಎಂದು ಕೇಳುವರು. ಹೆಂಡತಿ ಕುಮುದಾಬಾಯಿಯವರಂತೂ ಚಿಕ್ಕಂದಿನಲ್ಲಿ ಎಂಟು ವರ್ಷ ಗಾಯನ ಕಲಿತವರು. "ಬೆಕ್ಕು ಪೇಟಿ ಮ್ಯಾಲೆ ಅಡ್ಡ್ಯಾಡಿದಂಗ ಅದ," ಎಂದು ಒಗ್ಗರಣೆ ಹಾಕುತ್ತಲೇ ತೀರ್ಪು ಕೊಟ್ಟುಬಿಡುತ್ತಿದ್ದರು. ಪೇಟಿ ಎಂದರೆ ಅವರ ಕಡೆ ಹಾರ್ಮೋನಿಯಂ.

ಇಡೀ ಊರಲ್ಲಿ ಸರ್ ಜೊತೆ ಕೂತು ಜಾಜ್ ಕೇಳುವವರು ಒಬ್ಬರೇ: ಸಾಲೋಮನ್ ಕರ್ಕಡ ಮಾಸ್ತರರು. ಶಾಲೆಯಲ್ಲಿ ಸಂಗೀತದ ಮಾಸ್ತರು, ಭಾನುವಾರ ಚರ್ಚಿನಲ್ಲಿ ಆರ್ಗನ್. ಆರಾಧನೆ ಮುಗಿಸಿ ಹನ್ನೊಂದಕ್ಕೆ ಸೈಕಲ್ ಏರಿ ಬರುವರು. ಕುಮುದಾಬಾಯಿ ಹಚ್ಚಿದ ಅವಲಕ್ಕಿ, ಚಹಾ ಇಡುವರು. ರೆಕಾರ್ಡು ತಿರುಗುತ್ತಿದ್ದಾಗ ಮಾಸ್ತರರು ಕಣ್ಣು ಮುಚ್ಚಿ, "ಈಗ ನೋಡ್ರಿ, ಮನಿಗೆ ಬಂದಂಗ ಮಾಡಿ ಬಾಗಲದಾಗಿಂದ ತಿರಗಿ ಹೋಗ್ತಾನ," ಎನ್ನುವರು. ಆಗ ಸರ್‌ಗೆ ಅದು ಕೇಳಿಸುತ್ತಿತ್ತು. ಸತ್ಯ ಹೇಳಬೇಕೆಂದರೆ, ರೆಕಾರ್ಡು ಸರ್‌ದು, ಕಿವಿ ಮಾಸ್ತರರದು. ನಾನು ಮೇಲಿನ ಹಲಗೆಯಲ್ಲಿ ಕೂತು ಬೇರೆಯವರ ಹಾಡು ಕೇಳುತ್ತ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ನನ್ನ ಮೇಲೆ ಮಾಸ್ತರರ ಕಣ್ಣು ಬಿದ್ದದ್ದು ಬೆನ್ನಿನ ಮೇಲಿನ ಕೃತಿಗಳ ಪಟ್ಟಿ ಓದಿದ ದಿನ. ಓದುತ್ತ ಓದುತ್ತ ಅವರ ಕೈಯ ಚಹಾ ಸಾಸರಿಗೆ ಚೆಲ್ಲಿತು.

"ಸರ್! ಇದು ಅದೇ ರೀ!"

ಮಾಸ್ತರರು ಹುಡುಗರಾಗಿದ್ದಾಗ ಹುಬ್ಬಳ್ಳಿಯಲ್ಲಿ ಮಾವನ ರೇಡಿಯೋದಲ್ಲಿ ಯಾವುದೋ ವಿದೇಶದ ಸ್ಟೇಷನ್ ಹಿಡಿದಿತ್ತಂತೆ. ಒಬ್ಬನೇ ಒಬ್ಬ ಪಿಯಾನೋ ನುಡಿಸುತ್ತಿದ್ದ. ನಿಧಾನದ ಕೃತಿ; ಮೊದಲಿಗೆ ಹೇಳಿದ ಅದರ ಹೆಸರು ಇವರ ನೆನಪಿನಲ್ಲಿ ಉಳಿದಿತ್ತು. ಅರ್ಧಕ್ಕೆ ಬಂದಾಗ ಗರಗರ ಸದ್ದಾಗಿ ಸ್ಟೇಷನ್ ಹೋಯಿತು. ಅದು ಹೇಗೆ ಮುಗಿಯುತ್ತದೆ ಎಂಬುದು ಗೊತ್ತಾಗದೆ ನಲವತ್ತು ವರ್ಷ. ನನ್ನ ಐದನೆಯ ತಟ್ಟೆಯ ಎರಡನೆಯ ಮುಖದಲ್ಲಿ ಅದೇ ಇತ್ತು.

"ದಸರಾಕ್ಕ ತಗಿಯೋಣು," ಎಂದರು ಸರ್. ದಸರಾ ಬಂತು, ದೀಪಾವಳಿ ಬಂತು, ಸಂಕ್ರಾಂತಿಯ ಎಳ್ಳೂ ಹಂಚಿ ಮುಗಿಯಿತು. ಸರ್ ನನ್ನನ್ನು ಇಳಿಸಿ, ಉಗುರಿನಿಂದ ಸೀಲಿನ ಅಂಚು ಹುಡುಕಿ, ಮತ್ತೆ ಅಲ್ಲೇ ಇಡುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನನಗೆ ಆಗ ಅರ್ಥವಾಯಿತು.

ಆಮೇಲೊಂದು ಭಾನುವಾರ ಮಾಸ್ತರರು ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡರು. ಮುಂದಿನ ವಾರ ಇನ್ನೂ ಹತ್ತಿರ. ಕೊನೆಗೆ ಅವರೇ ಹೇಳಿದರು.

"ಸರ್, ಕಿವಿ ಹೊಂಟಾವರೀ. ಹುಬ್ಬಳ್ಳಿ ಡಾಕ್ಟರು ಹೆಚ್ಚಂದರ ಒಂದು ವರ್ಷ ಅಂತಾರ. ಅದಕ್ಕ... ಅದೊಂದು ಕೇಳಿಬಿಡಬೇಕು ಅಂತ."

ಸರ್ ಕೆಟ್ಟವರಲ್ಲ. ಆ ದಿನ ಅವರಿಗೆ ಊಟ ಸೇರಲಿಲ್ಲ. ಆದರೆ ಸಂಗ್ರಹಕಾರನ ತಲೆ ಹೇಗೆ ಓಡುತ್ತದೆ ನೋಡಿ: ನನ್ನನ್ನು ಒಡೆಯುವ ಬದಲು, ಯಾರಾದರೂ ಆಗಲೇ ಒಡೆದಿರುವ ಇನ್ನೊಂದು ಪೆಟ್ಟಿಗೆಯನ್ನು ಹುಡುಕಿ ತರಿಸಬೇಕು ಎಂದು ಹೊರಟರು! ಎರವಲು ಸಿಕ್ಕರೂ ಸಾಕು, ಮಾಸ್ತರರಿಗೆ ಕೇಳಿಸಬಹುದು, ನನ್ನ ಸೀಲೂ ಉಳಿಯುತ್ತದೆ. ಮುಂಬೈಗೆ ಬರೆದರು. ಕಲಕತ್ತೆಗೆ, ಮದರಾಸಿಗೆ, ಗೋವೆಗೆ ಬರೆದರು. ಲಂಡನ್ನಿನ ಒಬ್ಬರಿಗೂ ಬರೆದರು. ಒಂದೊಂದು ಉತ್ತರಕ್ಕೆ ಎರಡು ತಿಂಗಳು. ಬಂದ ಉತ್ತರಗಳನ್ನೆಲ್ಲ ಸರ್ ಹೆಂಡತಿಗೆ ಓದಿ ಹೇಳುತ್ತಿದ್ದರು. ಎಲ್ಲರದೂ ಒಂದೇ ಮಾತು: ನಮ್ಮಲ್ಲಿ ಇದೆ, ಆದರೆ ಸೀಲು ಒಡೆದಿಲ್ಲ.

ನಾನು ಆಗ ಬಹಳ ಅತ್ತೆ, ಪೆಟ್ಟಿಗೆ ಅಳುವ ಹಾಗೆ. ಅಲ್ಲಿಯವರೆಗೆ ನಾನೊಬ್ಬನೇ ನತದೃಷ್ಟ, ನನ್ನ ಒಡಹುಟ್ಟಿದವರೆಲ್ಲ ಎಲ್ಲೆಲ್ಲೋ ಹಾಡುತ್ತಿದ್ದಾರೆ ಎಂದುಕೊಂಡಿದ್ದೆ. ಎಲ್ಲರೂ ಬೀರುಗಳಲ್ಲಿ ನನ್ನ ಹಾಗೆಯೇ ಬಾಯಿ ಮುಚ್ಚಿ ನಿಂತಿದ್ದರು.

"ಅಲ್ರೀ," ಎಂದರು ಕುಮುದಾಬಾಯಿ ಹದಿಮೂರನೆಯ ಪತ್ರ ಓದಿದ ದಿನ, "ತಾವೂ ತಿನ್ನೂದಿಲ್ಲ, ಮಂದೀಗೂ ಕೊಡೂದಿಲ್ಲ. ಇದೆಂಥಾ ಹುಚ್ಚರೀ ನಿಮ್ಮದು? ಮಾಸ್ತರು ನಿನ್ನೆ ನಾ ಕರದರ ತಿರಗಿ ನೋಡಲಿಲ್ಲ."

ಸರ್ ಒಳಗೆ ಹೋಗಿ ಗಡ್ಡ ಹೆರೆಯುವ ಬ್ಲೇಡು ತಂದರು. ಹದಿನಾಲ್ಕು ವರ್ಷದ ಸೀಲು ಒಂದೇ ಗೀರಿಗೆ ಬಿಚ್ಚಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಹೇಳುತ್ತೇನೆ, ಆ ಗಾಳಿ ತಾಗಿದಾಗ ನನಗೆ ಬಹಳ ಸುಖವಾಯಿತು.

ಭಾನುವಾರ ಮಾಸ್ತರರು ಬಂದರು. ಐದನೆಯ ತಟ್ಟೆಯನ್ನು ಹೊರಗೆ ತೆಗೆದು ಅವರ ಕೈಯಿಂದಲೇ ಪ್ಲೇಯರಿನ ಮೇಲೆ ಇಡಿಸಿದರು ಸರ್. ಮುಳ್ಳು ಕೂತಿತು. ನನ್ನೊಳಗೆ ಏನಿದೆ ಎಂಬುದು ನನಗೂ ಮೊದಲ ಸಲ ತಿಳಿದದ್ದು ಆವತ್ತೇ. ಎಷ್ಟು ಚಂದ ಇತ್ತು! ಮಾಸ್ತರರು ಸ್ಪೀಕರಿಗೆ ಮೈ ತಾಗಿಸಿ ಕೂತಿದ್ದರು. ಎರಡು ನಿಮಿಷವಾಯಿತು. ಅವರು ತಲೆ ಎತ್ತಿ ಕೇಳಿದರು.

"ಚಾಲೂ ಆತೇನ್ರಿ?"

ಸರ್ ಮುಖ ತಿರುಗಿಸಿಕೊಂಡರು. ಮಾಸ್ತರರು ಅರ್ಥ ಮಾಡಿಕೊಂಡು, "ಇರಲಿ ಬಿಡ್ರಿ. ಏನ್ ಬಾರಸ್ಲಿಕ್ಕತ್ಯಾನ, ನೀವು ಬರದು ಹೇಳ್ರಿ," ಎಂದರು. ಮೂವತ್ತು ವರ್ಷ ರೆಕಾರ್ಡು ಕೂಡಿಸಿದ ಸರ್‌ಗೆ ಹೇಳಲು ಒಂದು ಮಾತೂ ಇರಲಿಲ್ಲ. ಅದನ್ನೆಲ್ಲ ಹೇಳುತ್ತಿದ್ದವರು ಮಾಸ್ತರರೇ ಅಲ್ಲವೇ?

ಆಗ ಕುಮುದಾಬಾಯಿ ಸೆರಗಿಗೆ ಕೈ ಒರೆಸುತ್ತ ಒಳಗಿನಿಂದ ಬಂದರು. "ಕೊನೀದಷ್ಟು ಹಚ್ಚರಿ. ನಾ ಬರಕೋತೀನಿ." ಕೊನೆಯ ಭಾಗವನ್ನು ನಾಲ್ಕು ಸಲ ಹಾಕಿಸಿದರು. ಷಡ್ಜ ಯಾವುದೆಂದು ಗುನುಗಿ ನಿಶ್ಚಯಿಸಿಕೊಂಡು, ಚಿಕ್ಕಂದಿನಲ್ಲಿ ಗುರುಗಳ ಮುಂದೆ ಬರೆಯುತ್ತಿದ್ದ ಹಾಗೆ ನೋಟುಬುಕ್ಕಿನ ಹಾಳೆಯ ಮೇಲೆ ಸರಿಗಮ ಬರೆದರು. ಮಾಸ್ತರರು ಹಾಳೆ ತೆಗೆದುಕೊಂಡು ಓದಿದರು. ಬಲಗೈ ಬೆರಳುಗಳು ಟೇಬಲ್ಲಿನ ಮೇಲೆ ಆಡಿದವು. ಒಮ್ಮೆ ನಕ್ಕರು. ಆಮೇಲೆ ಎಡಗೈ ಎತ್ತಿ ಟೇಬಲ್ಲಿನ ಮೇಲೆ ಇಟ್ಟು, ಕಾದರು.

"ವೈನಿ, ಎಡಗೈ ಏನ್ ಮಾಡ್ತದ?"

ಕುಮುದಾಬಾಯಿಯವರ ಮುಖ ಚಿಕ್ಕದಾಯಿತು. ಅವರು ಹಾಳೆಯ ಮೇಲೆ ಬರೆದು ತೋರಿಸಿದರು: ನನ್ನದು ಗಾಯನದ ಕಿವಿ, ಒಂದೇ ದನಿ ಹಿಡಿಯುತ್ತದೆ, ಎಡಗೈ ನನಗೆ ಸಿಕ್ಕಲಿಲ್ಲ.

"ಎಡಗೈ ಗೊತ್ತಾಗದ ಮುಗಿದಂಗ ಆಗೂದಿಲ್ಲರಿ," ಎಂದರು ಮಾಸ್ತರರು ಮೆಲ್ಲಗೆ. ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. "ಆದರೂ ಭಾಳ ಉಪಕಾರ ಆತು."

ಅದಾದ ಮೇಲೂ ಎರಡು ವರ್ಷ ಭಾನುವಾರ ಬಂದರು. ಅವಲಕ್ಕಿ ತಿಂದು, ಒಂದು ಗಂಟೆಗೆ ಏಳುತ್ತಿದ್ದರು. ಆಮೇಲೆ ಒಂದು ಭಾನುವಾರ ಬರಲಿಲ್ಲ. ಅವರನ್ನು ಮಣ್ಣು ಮಾಡಿ ಬಂದ ಸರ್ ಚಪ್ಪಲಿ ಬಿಡದೆ ನನ್ನ ಮುಂದೆ ಬಹಳ ಹೊತ್ತು ನಿಂತಿದ್ದರು. ಮತ್ತೆಂದೂ ನನ್ನನ್ನು ತೆಗೆಯಲಿಲ್ಲ.

ಈಗ ಸರ್ ಕೂಡ ಇಲ್ಲ. ಕುಮುದಾಬಾಯಿ ಎಲ್ಲವನ್ನೂ ಕಾಲೇಜಿನ ಲೈಬ್ರರಿಗೆ ಕೊಟ್ಟರು. ಇಲ್ಲಿ ಪ್ಲೇಯರ್ ಇಲ್ಲ. ಹೋದ ವರ್ಷ ಬೆಳಗಾವಿಯಿಂದ ಒಬ್ಬ ಸಂಗ್ರಹಕಾರ ಬಂದಿದ್ದ. ನನ್ನ ನಂಬರು ನೋಡಿ ಅವನ ಕಣ್ಣು ಅರಳಿತು. ತಿರುಗಿಸಿ ನೋಡಿ, "ಒಡದೈತಿ," ಎಂದು ವಾಪಸ್ ಇಟ್ಟ.

ನನ್ನ ಹದಿನಾರು ಮುಖಗಳಲ್ಲಿ ಹದಿನೈದು ಇಂದಿಗೂ ಮೌನ. ಅವುಗಳಲ್ಲಿ ಏನಿದೆಯೋ ನನಗೇ ಗೊತ್ತಿಲ್ಲ, ಇನ್ನು ಗೊತ್ತಾಗುವ ಆಸೆಯೂ ಇಲ್ಲ. ಗೊತ್ತಿರುವುದು ಒಂದೇ ಮುಖ, ಮತ್ತು ಅದೇ ನನ್ನನ್ನು ಸುಡುತ್ತದೆ. ಆ ಕೃತಿಯ ಕೊನೆಯಲ್ಲಿ ಎಡಗೈ ಏನೂ ಮಾಡುವುದಿಲ್ಲ. ಆ ಕಲಾವಿದ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಲಗೈಯೊಂದರಲ್ಲೇ ಮುಗಿಸುತ್ತಾನೆ. ಕುಮುದಾಬಾಯಿ ಒಂದು ಸ್ವರವನ್ನೂ ಬಿಟ್ಟಿರಲಿಲ್ಲ. ಮಾಸ್ತರರ ಕಿಸೆಯಲ್ಲಿದ್ದ ಹಾಳೆ ಪೂರ್ತಿ ಇತ್ತು. ಅದು ಆ ಕೋಣೆಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು, ಅವರಿಗೆ ಹೇಳಲು ನನಗೆ ಮಾತು ಬರುತ್ತಿರಲಿಲ್ಲ.