ಸೈಕಲ್ ಮೇಲಿನ ಸಾಮಾನು

ಎಲ್ಲರೂ ಮಲಗಿದ ಮೇಲೆ ಕೆಳಗೆ ನನ್ನ ಸೈಕಲ್ಲಿನ ಬೆಲ್ ‘ಟ್ರಿಣ್’ ಎಂದಿತು. ಒಂದೇ ಸಲ. ಅದೂ ಕೆಮ್ಮು ಬಂದವರು ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ ಅರ್ಧಕ್ಕೇ ನಿಂತ ಸದ್ದು. ಬೇರೆ ಯಾರಾದರೂ ಆಗಿದ್ದರೆ ಗಾಳಿ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಆದರೆ ನಾನು ಮಿಕ್ಸಿ ಕಂಪನಿಯೊಂದರಲ್ಲಿ ಎಚ್ಚರಿಕೆಗಳನ್ನು ಬರೆಯುವವಳು. ‘ಒದ್ದೆ ಕೈಯಲ್ಲಿ ಮುಟ್ಟಬೇಡಿ’, ‘ಬ್ಲೇಡು ತಿರುಗುತ್ತಿರುವಾಗ ಮುಚ್ಚಳ ತೆಗೆಯಬೇಡಿ’ ಎಂದೆಲ್ಲ ಡಬ್ಬದೊಳಗೆ ಮಡಚಿಟ್ಟಿರುವ, ಯಾರೂ ಓದದ ಕಾಗದದ ಮಾತುಗಳು ನನ್ನವು. ಗಾಳಿ ಬೆಲ್ ಒತ್ತುವುದಿಲ್ಲ ಎಂದು ನನಗೆ ಗೊತ್ತು.

ಕಿಟಕಿಯಿಂದ ಬಗ್ಗಿ ನೋಡಿದೆ. ಮೆಟ್ಟಿಲ ಬುಡದಲ್ಲಿ, ನನ್ನ ಸೈಕಲ್ ಪಕ್ಕದಲ್ಲಿ, ಹೆಲ್ಮೆಟ್ ಹಾಕಿಕೊಂಡ ಒಬ್ಬ ಮನುಷ್ಯ ಕೈಕಟ್ಟಿ ನಿಂತಿದ್ದ.

“ಅಕ್ಕಾ, ನಾನು. ಹೆದರ್ಬೇಡಿ,” ಎಂದ ಪಿಸುದನಿಯಲ್ಲಿ.

ಹೆದರಬೇಡಿ ಅನ್ನುವವರನ್ನು ಕಂಡರೇ ನನಗೆ ಹೆಚ್ಚು ಹೆದರಿಕೆ. ಆದರೆ ಬೂಟು ನೋಡಿದ ಮೇಲೆ ಗುರುತು ಸಿಕ್ಕಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಚೆ ದಡಕ್ಕೆ ಹೋಗುವ ಸೇತುವೆ ರಿಪೇರಿಯಲ್ಲಿದೆ. ನಡೆದು ಹೋಗುವವರನ್ನೂ ಸೈಕಲ್ಲಿನವರನ್ನೂ ಬಿಡುತ್ತಾರೆ, ಮೋಟಾರು ಇರುವ ಯಾವುದನ್ನೂ ಬಿಡುವುದಿಲ್ಲ. ಸೇತುವೆಯವರೆಗಿನ ದಾರಿಯೋ, ನಾಲಿಗೆ ಹೊರಗೆ ಬರುವಂಥ ಏರು. ಹಾಗಾಗಿ ನಮ್ಮ ಮಧ್ಯೆ ಒಂದು ರೂಢಿ ಬೆಳೆದಿದೆ. ಏರಿನ ಬುಡದಲ್ಲಿ ನಾವು ಸೈಕಲ್ಲಿನವರು ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತೇವೆ. ಹಿಂದಿನಿಂದ ಬರುವ ಬೈಕಿನವರು ಒಂದು ಕಾಲು ಚಾಚಿ, ನಮ್ಮ ಕ್ಯಾರಿಯರಿಗೆ ಒತ್ತಿ, ತುದಿಯವರೆಗೆ ತಳ್ಳಿಕೊಂಡು ಹೋಗುತ್ತಾರೆ. ಅಲ್ಲಿ ಅವರು ಆಚೆ ದಡಕ್ಕೆ ಮುಟ್ಟಿಸಬೇಕಾದ್ದನ್ನು ನಮ್ಮ ಕೈಗೆ ಕೊಡುತ್ತಾರೆ. ಊಟದ ಡಬ್ಬಿ, ಮರೆತುಹೋದ ಕನ್ನಡಕ, ಹೊಲಿಯಲು ಕೊಡಬೇಕಾದ ಪ್ಯಾಂಟು. ಒಮ್ಮೆ ಒಬ್ಬರು ತಮ್ಮ ಅತ್ತೆಯನ್ನೇ ಕೊಟ್ಟಿದ್ದರು. ಹೆಲ್ಮೆಟ್ಟಿನಿಂದಾಗಿ ನಮಗೆ ಅವರ ಮುಖ ಗೊತ್ತಿಲ್ಲ. ಕಾಲಿನಿಂದಲೇ ಪರಿಚಯ.

ನನ್ನನ್ನು ದಿನವೂ ತಳ್ಳುವ ಬೂಟು ಇವನದು. ತಂಗಿಯ ಊಟದ ಡಬ್ಬಿ ಕೊಡುತ್ತಾನೆ, ನಾನು ಅದನ್ನು ದಾರದ ಗಿರಣಿಯ ಗೇಟಿನಲ್ಲಿ ತಲುಪಿಸುತ್ತೇನೆ. ಮನಸ್ಸಿನಲ್ಲಿ ಅವನಿಗೆ ಹೆಲ್ಮೆಟ್ ಎಂದೇ ಹೆಸರಿಟ್ಟಿದ್ದೆ.

“ಮನೆ ಹೇಗೆ ಗೊತ್ತಾಯ್ತು?” ಎಂದೆ.

“ಸೈಕಲ್ ಹುಡುಕ್ಕೊಂಡು ಬಂದೆ ಅಕ್ಕಾ. ಕ್ಯಾರಿಯರ್ ಮೇಲೆ ನನ್ನ ಬೂಟಿನ ಗುರುತಿದೆಯಲ್ಲ. ಮನೆ ಬೆಲ್ ಒತ್ತಿದ್ರೆ ಎಲ್ಲರೂ ಏಳ್ತಾರೆ ಅಂತ ಸೈಕಲ್ಲಿಂದು ಒತ್ತಿದೆ.”

ಒಳಗಿನಿಂದ ನನ್ನ ಅಕ್ಕ ಕೂಗಿದಳು. “ಯಾರೇ ಅದು?”

“ಬೆಕ್ಕು.”

“ಬೆಕ್ಕು ಬೆಲ್ ಹೊಡೆಯುತ್ತೇನೇ?”

“ಮಲಕ್ಕೊಳೇ ಸುಮ್ಮನೆ!”

ಹೆಲ್ಮೆಟ್ ಆತುರಾತುರವಾಗಿ ವಿಷಯ ಹೇಳಿದ. ಸೇತುವೆಯಾಚೆ ಪಾರ್ಸೆಲ್ ಆಫೀಸಿನಲ್ಲಿ ಒಂದು ಕೆಲಸ ಖಾಲಿ ಇದೆ. ಸ್ವಂತ ಬೈಕ್ ಬೇಕು. ನಾಳೆ ಹತ್ತು ಗಂಟೆಗೆ ಮ್ಯಾನೇಜರ್ ಅಂಗಳದಲ್ಲಿ ನಿಂತು ಬೈಕುಗಳನ್ನು ತಾವೇ ನೋಡುತ್ತಾರಂತೆ. ಬಳಸು ದಾರಿಯಲ್ಲಿ ಹೋಗೋಣವೆಂದರೆ, ಅವನ ಬೈಕು ಹತ್ತು ನಿಮಿಷ ಓಡಿದರೆ ಬಿಸಿಯಾಗಿ ನಿಂತುಬಿಡುತ್ತದೆ. ಆಮೇಲೆ ಅರ್ಧ ದಿನ ಮುನಿಸು.

“ಅಂಥ ಬೈಕಿಟ್ಟುಕೊಂಡು ಪಾರ್ಸೆಲ್ ಕೆಲಸ ಹೇಗೆ ಮಾಡ್ತೀಯಪ್ಪಾ?”

“ಅವರ ಪಾರ್ಸೆಲ್ ಎಲ್ಲ ಅಕ್ಕಪಕ್ಕದ ಬೀದಿಗೇ ಅಕ್ಕಾ. ಮೊದಲ ಸಂಬಳದಲ್ಲಿ ರಿಪೇರಿ ಮಾಡಿಸ್ತೀನಿ.”

“ಕೆಲಸ ಸಿಗದಿದ್ರೆ?”

“ಮಾವನ ಹಾಸಿಗೆ ಅಂಗಡಿ.”

“ಕೂತು ವ್ಯಾಪಾರ ಮಾಡೋದು ತಾನೇ? ಅದರಲ್ಲೇನು ಕಷ್ಟ?”

“ಕೂತಲ್ಲ ಅಕ್ಕಾ, ಮಲಗಿ. ಗಾಜಿನ ಹಿಂದೆ, ಬೀದಿಗೆ ಕಾಣೋ ಹಾಗೆ ಬೆಳಿಗ್ಗೆಯಿಂದ ಸಂಜೆವರೆಗೆ ಹೊಸ ಹಾಸಿಗೆ ಮೇಲೆ ಸುಖವಾಗಿ ಮಲಗಿರಬೇಕು. ಜನ ನಿಂತು ನೋಡಿದ್ರೆ ನಿದ್ದೆಯಲ್ಲೇ ಮುಗುಳ್ನಗಬೇಕು. ಇಷ್ಟು ದಿನ ಮಾವನ ಮಗ ಮಲಗ್ತಿದ್ದ. ಈಗ ಅವನಿಗೆ ಮದುವೆ ಆಗಿದೆ, ಹೆಂಡತಿ ಬೇಡ ಅಂತಾಳೆ. ನಾಳೆ ಕೆಲಸ ಆಗ್ಲಿಲ್ಲ ಅಂದ್ರೆ ನಾಡಿದ್ದು ಬೈಕ್ ಮಾರಿಸಿ ನನ್ನನ್ನ ಮಲಗಿಸ್ತಾರೆ.” ಹೆಲ್ಮೆಟ್ಟಿನೊಳಗೆ ಮೂಗೆಳೆದ ಸದ್ದು ಕೇಳಿಸಿತು. “ಹಗಲು ಹೊತ್ತು ಕಣ್ಣು ಮುಚ್ಚಿದ್ರೆ ನನಗೆ ಉಸಿರು ಕಟ್ಟುತ್ತೆ. ಸೇತುವೆ ಕಾವಲುಗಾರರ ಹತ್ರ ನೀವೊಂದು ಮಾತಾಡಿ. ನೀವು ಓದಿದೋರು.”

ಮಾತಾಡುತ್ತೇನೆ ಎಂದೆ. ಮಾತಿಗೆ ಮಾತ್ರ ನಾನು ಜವಾಬ್ದಾರಿ, ಅದರ ಫಲಕ್ಕಲ್ಲ ಎಂದೂ ಸೇರಿಸಿದೆ. ಆಮೇಲೆ ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೆಲ್ಮೆಟ್ ಎಂದಿನಂತೆ ಬೈಕಿನಿಂದ ನನ್ನನ್ನು ಏರು ಹತ್ತಿಸಿದ. ಕಾವಲುಗಾರ ಸೇತುವೆಯ ಬಾಯಲ್ಲಿ ಸ್ಟೂಲು ಹಾಕಿಕೊಂಡು ಕೂತಿರುವ ಹಿರಿಯ. ಕೆಟ್ಟವನಲ್ಲ. ಆದರೆ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು.

“ಮೋಟಾರು ವಾಹನದ ಚಕ್ರ ಸೇತುವೆಗೆ ತಾಗಬಾರದು,” ಎಂದ. “ಇಷ್ಟೇ ನನಗೆ ಮೇಲಿನವರು ಹೇಳಿರೋದು.”

“ಇಂಜಿನ್ ಆಫ್ ಮಾಡಿ ತಳ್ಳಿಕೊಂಡು ಹೋದ್ರೆ?”

“ತಳ್ಳಿದ್ರೂ ಚಕ್ರ ತಾಗುತ್ತಲ್ಲಮ್ಮಾ.”

“ನಾಲ್ಕು ಜನ ಎತ್ತಿಕೊಂಡು ಹೋದ್ರೆ?”

“ನಡೆದು ಹೋಗೋರಿಗೆ ಕೈಚೀಲ ಮಾತ್ರ. ಅದಕ್ಕಿಂತ ದೊಡ್ಡ ಸಾಮಾನಿದ್ರೆ ಸೈಕಲ್ ಮೇಲೆ ಹೋಗಬೇಕು.” ಹೇಳಿ, ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವನಂತೆ ಸ್ಟೂಲಿನಿಂದ ಎದ್ದ. ಬೈಕನ್ನೊಮ್ಮೆ, ನನ್ನ ಸೈಕಲ್ಲನ್ನೊಮ್ಮೆ ನೋಡಿದ. “ಸೈಕಲ್ ಮೇಲೆ ಸಾಮಾನು ಹೋಗಬಹುದು,” ಎಂದ ನಿಧಾನವಾಗಿ. “ಅದರಲ್ಲಿ ತಪ್ಪೇನಿಲ್ಲ.”

“ಭಾರ?”

“ಭಾರದ ಸುದ್ದಿ ನನಗೆ ಯಾರೂ ಹೇಳಿಲ್ಲ. ಮೊನ್ನೆ ಒಂದು ಬೀರು ಹೋಯ್ತು.”

ಒಂದು ಸೈಕಲ್ ಸಾಲುವುದಿಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು. ಅಷ್ಟರಲ್ಲಿ ಏರು ಹತ್ತಿ ಬಂದವರು ಗೋಡೆಗೆ ಬಣ್ಣ ಬಳಿಯುವ ಅಣ್ಣತಮ್ಮಂದಿರು. ಇವರಿಬ್ಬರೂ ದಿನವೂ ಜೊತೆಗೇ ಬರುತ್ತಾರೆ, ಆದರೆ ಮಾತಿಲ್ಲ. ಯಾವುದೋ ಮನೆಯ ಗೋಡೆ ಹಸಿರೋ ನೀಲಿಯೋ ಎಂದು ಜಗಳವಾಗಿ ಬಿಟ್ಟ ಮಾತು. ಇಬ್ಬರ ಸೈಕಲ್ಲಿಗೂ ಒಂದೊಂದು ಹಲಗೆ, ಒಂದೊಂದು ಸುರುಳಿ ಹಗ್ಗ ಕಟ್ಟಿಕೊಂಡಿರುತ್ತದೆ. ಅವರ ಹಿಂದೆ ಗಿಡ್ಡ ಮೈಕಟ್ಟಿನ ಡ್ರಾಯಿಂಗ್ ಮೇಷ್ಟ್ರು ಬಂದರು. ಮೇಷ್ಟ್ರಿಗೆ ನಿವೃತ್ತಿಯಾಗಿದೆ, ಆದರೂ ರೂಢಿ ತಪ್ಪಬಾರದೆಂದು ದಿನಾ ಶಾಲೆಯವರೆಗೆ ಹೋಗಿ ವಾಪಸು ಬರುತ್ತಾರೆ.

ಹೆಲ್ಮೆಟ್ ಎಲ್ಲರಿಗೂ ಹಾಸಿಗೆ ಅಂಗಡಿಯ ವಿಷಯ ಹೇಳಿದ. ಮೇಷ್ಟ್ರು ಕಣ್ಣೊರೆಸಿಕೊಂಡರು. “ನಿದ್ದೆ ಮಾಡುವವರ ಚಿತ್ರ ಬರೆಯೋದೇ ಕಷ್ಟ. ಇನ್ನು ಅವರಾಗಿ ಇರೋದು!” ಎಂದರು.

ನಾಲ್ಕು ಸೈಕಲ್ಲುಗಳನ್ನು ಎರಡೆರಡಾಗಿ ನಿಲ್ಲಿಸಿ, ಕ್ಯಾರಿಯರುಗಳ ಮೇಲೆ ಉದ್ದಕ್ಕೆ ಎರಡು ಹಲಗೆ ಹಾಸಿ ಕಟ್ಟಿದೆವು. ಏರಿನಲ್ಲಿ ನಮ್ಮನ್ನು ತಳ್ಳಿದ ಬೈಕಿನವರೆಲ್ಲ ಸೇರಿ ‘ಹಾಂ, ಹೂಂ’ ಎಂದು ಬೈಕನ್ನು ಎತ್ತಿ ಮೇಲಿಟ್ಟರು. ಅಣ್ಣ ಮುಂದಿನ ಚಕ್ರಕ್ಕೆ ಹಗ್ಗ ಬಿಗಿದ, ತಮ್ಮ ಹಿಂದಿನದಕ್ಕೆ. ಸ್ಟ್ಯಾಂಡ್ ಹಾಕಿಕೊಂಡು ನಿಂತ ಬೈಕು, ಮೆರವಣಿಗೆಗೆ ಹೊರಟ ಎಮ್ಮೆಯ ಹಾಗೆ ಗಂಭೀರವಾಗಿತ್ತು.

“ಇವನ್ಯಾಕೆ ಕೆಳಗಿದ್ದಾನೆ?” ಎಂದ ಕಾವಲುಗಾರ ಹೆಲ್ಮೆಟ್ಟನ್ನು ತೋರಿಸಿ. “ಸಾಮಾನು ವಾಲಿ ಚಕ್ರ ತಾಗಿದ್ರೆ ಯಾರು ಉತ್ತರ ಕೊಡೋದು? ಮೇಲೆ ಕೂತು ಹಿಡ್ಕೊಳ್ಳಲಿ.”

ಹೆಲ್ಮೆಟ್ ಹತ್ತಿ ಕೂತ. ನಾವು ಒಬ್ಬೊಬ್ಬರು ಒಂದೊಂದು ಹ್ಯಾಂಡಲ್ ಹಿಡಿದು ತಳ್ಳತೊಡಗಿದೆವು. ಹಲಗೆ ಮುರಿದರೆ, ಹಗ್ಗ ಬಿಚ್ಚಿದರೆ, ಟೈರು ಸಿಡಿದರೆ, ಬೈಕು ನದಿಗೆ ಬಿದ್ದರೆ, ಅವನೂ ಬಿದ್ದರೆ, ಬಿದ್ದಮೇಲೂ ಹೆಲ್ಮೆಟ್ ತೆಗೆಯದಿದ್ದರೆ... ನನ್ನ ಎಚ್ಚರಿಕೆಗಳ ಪಟ್ಟಿಯಲ್ಲಿ ಇದಕ್ಕೆ ಹೊಂದುವ ಒಂದು ಸಾಲೂ ಇರಲಿಲ್ಲ.

“ಮೇಡಂ, ಅವನಿಗೆ ಹೇಳಿ, ಎಡಕ್ಕೆ ಎಳೀತಿದಾನೆ,” ಎಂದ ಅಣ್ಣ.

“ಎಡಕ್ಕೆ ಎಳೀಬೇಡಿ ಅಂತೆ,” ಎಂದೆ ನಾನು ತಮ್ಮನಿಗೆ.

“ಅವನಿಗೇ ಹೇಳಿ ಮೇಡಂ, ಎಡ ಯಾವುದು ಬಲ ಯಾವುದು ಅಂತ ಗೊತ್ತಿದ್ರೆ ತಾನೇ. ಹಸಿರು ನೀಲಿನೇ ಗೊತ್ತಾಗಲ್ಲ.”

ಇದನ್ನು ನಾನು ಮುಟ್ಟಿಸಲಿಲ್ಲ.

ಎದುರಿನಿಂದ ಬಂದ ಸೈಕಲ್ಲಿನವರು ಇಳಿದು ದಾರಿ ಬಿಟ್ಟರು. ಒಬ್ಬ ಹೆಂಗಸು ಮೇಲೆ ನೋಡುತ್ತ, “ಕೆಟ್ಟು ನಿಂತಿತೇನಮ್ಮಾ?” ಎಂದು ಕೇಳಿದಳು. “ಇನ್ನೂ ಇಲ್ಲ,” ಎಂದೆ. ಸೇತುವೆ ತುಸು ತಿರುಗುವ ಕಡೆ ಹೆಲ್ಮೆಟ್ ಅಭ್ಯಾಸಬಲದಿಂದ ಕೈ ಚಾಚಿ ಸಿಗ್ನಲ್ ಕೊಟ್ಟ.

ಸೇತುವೆ ಮುಗಿದ ಕೂಡಲೇ ಇಳಿಸುವುದೆಂದು ಮಾತಾಗಿತ್ತು. ಆದರೆ ಮುಗಿದ ಕೂಡಲೇ ಇಳಿಜಾರು ಎಂಬುದು, ದಿನವೂ ಅಲ್ಲಿ ಕಾಲು ಬಿಟ್ಟು ಜಾರುವ ನಮಗೆ ಯಾರಿಗೂ ನೆನಪಾಗಲಿಲ್ಲ. ಸಾಮಾನು ತಾನಾಗಿಯೇ ಹೊರಟಿತು.

“ಬ್ರೇಕು! ಬ್ರೇಕು!” ಎಂದು ಕಿರುಚಿದೆ.

ನಾಲ್ವರೂ ಬ್ರೇಕ್ ಹಿಡಿದೆವು. ಮೇಲೆ ಕೂತವನೂ ಹಿಡಿದ, ಪಾಪ. ರಬ್ಬರು ಸುಟ್ಟ ವಾಸನೆ ಬಂತೇ ಹೊರತು ಓಟ ನಿಲ್ಲಲಿಲ್ಲ. ನಾವು ಅದನ್ನು ತಳ್ಳುವುದು ಹೋಗಿ ಅದು ನಮ್ಮನ್ನು ಎಳೆದುಕೊಂಡು ಹೋಗುತ್ತಿತ್ತು. ಬಲಗಡೆ ಪಾರ್ಸೆಲ್ ಆಫೀಸಿನ ಕಾಂಪೌಂಡ್ ಗೋಡೆ ಬಂತು. ಅದು ನನ್ನ ತಲೆಗಿಂತ ತುಸು ಎತ್ತರ. ಮೇಷ್ಟ್ರು ಹೇಗೂ ಗಿಡ್ಡ, ಅಣ್ಣತಮ್ಮಂದಿರು ಬ್ರೇಕಿನ ಮೇಲೆ ಬಗ್ಗಿಬಿಟ್ಟಿದ್ದರು. ಹಾಗಾಗಿ ಗೋಡೆಯ ಒಳಗಿನಿಂದ ನೋಡಿದವರಿಗೆ ಕಂಡದ್ದು, ಬೆನ್ನು ನೆಟ್ಟಗೆ ಮಾಡಿ ಹ್ಯಾಂಡಲ್ ಹಿಡಿದು, ಒಂದಿಷ್ಟೂ ಕುಲುಕದೆ, ಸದ್ದಿಲ್ಲದೆ ತೇಲಿ ಬರುತ್ತಿದ್ದ ಒಬ್ಬ ಸವಾರ ಮಾತ್ರ.

ಅಂಗಳದಲ್ಲಿ ಬೇರೆ ಉಮೇದುವಾರರ ಬೈಕುಗಳು ಗುಡುಗುತ್ತಿದ್ದವು. “ನಿಲ್ಲಿಸ್ರಯ್ಯಾ ಅದನ್ನ!” ಎಂದು ಯಾರೋ ಗದರಿದರು. ಎಲ್ಲವೂ ನಿಂತವು. “ಅದು ನೋಡ್ರೀ ಬೈಕು ಅಂದ್ರೆ! ಬರ್ತಿರೋದೇ ಗೊತ್ತಾಗ್ತಿಲ್ಲ!”

ನೆಲ ಸಮವಾಗಿ, ಗೋಡೆಯ ಕೊನೆಗೆ ನಾವು ನಿಂತೆವು. ಅಣ್ಣತಮ್ಮಂದಿರು ಹಗ್ಗ ಸಡಿಲಿಸಿದರು. ನಾಲ್ವರೂ ಹಲಗೆ ವಾಲಿಸಿ, ಸವಾರನ ಸಮೇತ ಬೈಕನ್ನು ಮೆಲ್ಲಗೆ, ಉಸಿರು ಬಿಗಿಹಿಡಿದು ಜಾರಿಸಿದೆವು. ಹೆಲ್ಮೆಟ್ ಗೋಡೆಯ ಹಿಂದೆ ಸೂರ್ಯ ಮುಳುಗಿದ ಹಾಗೆ ಮುಳುಗಿತು.

“ಆಹಾ!” ಎಂದಿತು ಅದೇ ದನಿ. “ಬ್ರೇಕ್ ಹಾಕಿದ್ರೆ ಎಷ್ಟು ಮೆತ್ತಗೆ ಕೂತ್ಕೊಳ್ಳುತ್ತೆ!”

ದನಿಯ ಒಡೆಯರಾದ ಮ್ಯಾನೇಜರ್ ಗೇಟಿನಿಂದ ಓಡಿಯೇ ಬಂದರು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದ, ದಣಿದ ಮುಖದ ಮನುಷ್ಯ. ಅಷ್ಟರಲ್ಲಿ ಅಣ್ಣತಮ್ಮಂದಿರು ಹಲಗೆಗಳನ್ನು ಗೋಡೆಗೆ ಒರಗಿಸಿ, ಅದಕ್ಕೆ ಬಣ್ಣ ಬಳಿಯಲು ಬಂದವರಂತೆ ನಿಂತಿದ್ದರು. ಮೇಷ್ಟ್ರು ಆಕಾಶ ನೋಡುತ್ತಿದ್ದರು.

“ಇಂಜಿನ್ ಆಫ್ ಮಾಡಪ್ಪಾ,” ಎಂದರು ಮ್ಯಾನೇಜರ್. “ಸುಮ್ಮನೆ ಪೆಟ್ರೋಲ್ ಯಾಕೆ ಸುಡ್ತೀಯ?”

ಹೆಲ್ಮೆಟ್ ಇಂಜಿನ್ನನ್ನೊಮ್ಮೆ ಬಗ್ಗಿ ನೋಡಿದ. ಆಮೇಲೆ ಕೀ ಹಿಡಿದು ತಿರುಗಿಸಿದ.

ಮ್ಯಾನೇಜರ್ ಕಿವಿಯ ಹತ್ತಿ ತೆಗೆದು ಬೈಕಿಗೆ ಕಿವಿಗೊಟ್ಟರು. “ಆಫ್ ಆಯ್ತಾ? ಆನ್ ಇದ್ದಾಗಲೂ ಹೀಗೇ ಇತ್ತಲ್ಲ!” ಎಂದು ನನ್ನ ಕಡೆ ತಿರುಗಿದರು. “ನೋಡಿಮ್ಮಾ, ಸದ್ದು ಸದ್ದು ಅಂತ ಅಕ್ಕಪಕ್ಕದ ಮನೆಯೋರು ನನ್ನ ಪ್ರಾಣ ತಿಂತಿದ್ದಾರೆ. ನೀವು ಸೈಕಲ್ಲಲ್ಲಿ ಇದೇ ದಾರಿಯಲ್ಲಿ ಬಂದ್ರಲ್ಲ, ನೀವೇ ಹೇಳಿ. ಇದು ಸದ್ದು ಮಾಡ್ತಾ?”

ಎಲ್ಲರೂ ನನ್ನನ್ನು ನೋಡಿದರು. ಹೆಲ್ಮೆಟ್ ಮುಖದ ಗಾಜು ಮೇಲೆತ್ತಿದ. ಮೊದಲ ಸಲ ಅವನ ಕಣ್ಣು ಕಂಡೆ. ರಾತ್ರಿಯಿಡೀ ಮುಚ್ಚದ ಕಣ್ಣು. ಮಾವ ಹಾಸಿಗೆಯ ಮೇಲೆ ಜೀವನವಿಡೀ ಮುಚ್ಚಿಸಬೇಕೆಂದಿದ್ದ ಕಣ್ಣು.

ರಾತ್ರಿಯ ಬೆಕ್ಕೊಂದನ್ನು ಬಿಟ್ಟರೆ ನಾನು ಸುಳ್ಳು ಹೇಳುವವಳಲ್ಲ. ಪದಗಳನ್ನು ತೂಗಿದೆ.

“ಸೇತುವೆ ಮುಗಿದಲ್ಲಿಂದ ಇಲ್ಲಿಯವರೆಗೆ ಒಂದು ಚೂರೂ ಸದ್ದು ಮಾಡಲಿಲ್ಲ,” ಎಂದೆ.

“ಹೊಗೆ?”

“ಈ ಬೈಕಿನಿಂದ ಇಲ್ಲ.”

“ಹುಡುಗ ಹೇಗೆ ಓಡಿಸ್ತಾನೆ? ಹುಚ್ಚುಚ್ಚಾಗಿ?”

“ಸೈಕಲ್ಲಿನವರನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಹೋಗಲಿಲ್ಲ.”

ಮ್ಯಾನೇಜರ್ ಎದೆಯ ಮೇಲೆ ಕೈಯಿಟ್ಟುಕೊಂಡರು. ಕೆಲಸ ಅಲ್ಲೇ ಆಯಿತು. ಅವರು ಹೆಲ್ಮೆಟ್ಟಿನ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಹೋದರು. ಅವನು ಬೈಕನ್ನು ತಳ್ಳಿಕೊಂಡೇ ಹೋದ. “ನೋಡ್ರೋ, ಅಂಗಳದೊಳಗೆ ಇಂಜಿನ್ ಹಾಕದಷ್ಟು ಸಂಸ್ಕಾರ!” ಎಂದು ಉಳಿದವರಿಗೆ ಹೇಳುವುದು ಕೇಳಿಸಿತು.

“ಹಸಿರು ಬೈಕಿಗೆ ಅದೃಷ್ಟ ಇದೆ ಅಂತ ಅವನಿಗೆ ಹೇಳಿ ಮೇಡಂ,” ಎಂದ ಅಣ್ಣ.

“ನೀಲಿ,” ಎಂದ ತಮ್ಮ, ಗೋಡೆಗೆ.

ನಾನು ಆಫೀಸು ಮುಟ್ಟಿದಾಗ ಮೇಲ್ವಿಚಾರಕಿ ನನ್ನ ಮೇಜಿನ ಹತ್ತಿರವೇ ನಿಂತಿದ್ದರು. ತಡವಾದದ್ದಕ್ಕೆ ಬೈಗುಳ ಕಾದಿದೆ ಎಂದುಕೊಂಡೆ. “ಸೈಕಲ್ ಮೇಲೆ ಸ್ವಲ್ಪ ಸಾಮಾನಿತ್ತು,” ಎಂದೆ.

“ಅದಿರಲಿ. ನಮ್ಮ ಡಬ್ಬಗಳನ್ನ ಒಯ್ಯೋ ಪಾರ್ಸೆಲ್ ಮ್ಯಾನೇಜರ್ ಈಗಷ್ಟೇ ಫೋನ್ ಮಾಡಿದ್ರು. ಸದ್ದೇ ಮಾಡದ ಒಂದು ಬೈಕ್ ಸಿಕ್ಕಿದೆಯಂತೆ, ಕುಣೀತಿದ್ದಾರೆ. ನಮ್ಮ ಮಿಕ್ಸಿ ನೋಡಿದ್ರೆ ಇಡೀ ಬೀದಿ ಎಬ್ಬಿಸುತ್ತೆ. ಇಂಜಿನಿಯರ್‌ಗಳು ತಲೆ ಕೆಡಿಸಿಕೊಂಡಿದ್ದಾರೆ. ಆ ದಾರಿಯಲ್ಲೇ ಬಂದೆಯಲ್ಲ, ನೋಡಿದ್ಯಾ?”

“ನೋಡಿದೆ.”

“ಗುಟ್ಟೇನು ಅದರದು?”

ಎರಡು ಮೇಜಿನಾಚೆ ಇಂಜಿನಿಯರು ಪೆನ್ಸಿಲ್ ಹಿಡಿದು ತಲೆಯೆತ್ತಿದ. ಕೈಗೆ ಅಂಟಿದ್ದ ಹಗ್ಗದ ನಾರನ್ನು ಬಿಡಿಸುತ್ತ ಕೂತೆ. ಎಚ್ಚರಿಸುವುದೇ ನನ್ನ ಕೆಲಸ. ಅಪಾಯವಿರುವ ಕಡೆ ಒಂದು ಸಾಲು ಬರೆಯದೆ ಬಿಟ್ಟರೆ ನನಗೆ ಅನ್ನ ಸೇರುವುದಿಲ್ಲ. ಇದೊಂದು ಸಾಲು ಹೇಳಿಬಿಟ್ಟರೆ ಸಂಜೆಯೊಳಗೆ ಪಾರ್ಸೆಲ್ ಆಫೀಸಿಗೆ ಮುಟ್ಟುತ್ತದೆ, ನಾಳೆ ಬೀದಿಬದಿಯ ಗಾಜಿನ ಹಿಂದೆ ಒಬ್ಬ ಹೊಸ ಹಾಸಿಗೆಯ ಮೇಲೆ, ಬಹುಶಃ ಹೆಲ್ಮೆಟ್ ಹಾಕಿಕೊಂಡೇ, ಉಸಿರುಕಟ್ಟಿ ಮುಗುಳ್ನಗುತ್ತಿರುತ್ತಾನೆ.

“ಗೊತ್ತಾಗಲಿಲ್ಲ ಮೇಡಂ,” ಎಂದೆ. ಬದುಕಿನಲ್ಲಿ ಪದ ತೂಗದೆ ಆಡಿದ ಮಾತು ಅದೊಂದೇ ಇರಬೇಕು.

ಇವರಿಗೂ ಬೇಡ, ಮನೆಯಲ್ಲಿ ಬೆಕ್ಕಿನ ವಿಷಯ ಕೆದಕಲು ಕಾದಿರುವ ಅಕ್ಕನಿಗೂ ಬೇಡ, ಯಾರಿಗೂ ಹೇಳುವುದೇ ಬೇಡ ಎಂದು ನಿರ್ಧರಿಸಿ, ಮುಚ್ಚಳದ ಬಗ್ಗೆ ಅರ್ಧಕ್ಕೆ ನಿಂತಿದ್ದ ಸಾಲನ್ನು ಮುಂದುವರಿಸಿದೆ.